ಅತ್ತೆ ಲ್ಯಾಪ್‌ಟಾಪ್ ನೋಡಿದ್ದು

ಲ್ಯಾಪ್‌ಟಾಪ್ ಕೊಳ್ಳಲು ಹೋಗುವಾಗ ಅತ್ತೆಯನ್ನು ಮಾತ್ರ ಕರೆದುಕೊಂಡು ಹೋಗಬಾರದು ಎಂದು ನಾನು ಗಟ್ಟಿಯಾಗಿ ತೀರ್ಮಾನಿಸಿದ್ದೆ. ಅವರಿಗೆ ಓದು ಬರಹ ಬಾರದೆಂಬ ಕಾರಣಕ್ಕಲ್ಲ. ಅವರು ಏನನ್ನೇ ಕೊಳ್ಳಲು ಹೋದರೂ ಮಾರುವವನಿಗೆ ಸಾಕುಸಾಕಾಗಿಸುತ್ತಾರೆ, ಜೊತೆಯಲ್ಲಿ ಹೋದವರು ತಲೆ ಎತ್ತದ ಹಾಗೆ ಮಾಡುತ್ತಾರೆ. ಪ್ಲಾಸ್ಟಿಕ್ ಕೊಡ ಕೊಳ್ಳುವಾಗಲೂ ಅಂಗಡಿಯವನಿಂದಲೇ ನೀರು ತುಂಬಿಸಿ, ಒಣಗಿದ ಕಲ್ಲಿನ ಮೇಲಿಟ್ಟು, ಅಡಿಯಲ್ಲಿ ಒದ್ದೆ ಮೂಡುತ್ತದೆಯೇ ಎಂದು ಕುಕ್ಕರಗಾಲಲ್ಲಿ ಕೂತು ಕಾಯುವ ಹೆಂಗಸು ಅವರು. ಅಂಥವರನ್ನು ಕಂಪ್ಯೂಟರ್ ಅಂಗಡಿಗೆ ಕರೆದೊಯ್ದರೆ ನನ್ನ ಗತಿ ಏನು?

ನಮ್ಮ ಮನೆ ಶಿಕಾರಿಪುರ ತಾಲ್ಲೂಕಿನಲ್ಲಿ, ತಾಳಗುಂದಕ್ಕೆ ನಡೆದು ಹೋಗುವಷ್ಟು ಹತ್ತಿರದ ಹಳ್ಳಿಯಲ್ಲಿ. ಭತ್ತ, ಮೆಕ್ಕೆಜೋಳ, ಜೊತೆಗೆ ಐವತ್ತರ ಆಸುಪಾಸಿನ ಕುರಿ ಹಿಂಡು. ಹೊಲದ ಯಜಮಾನಿಕೆ ನನ್ನ ಗಂಡನದು, ಹಿಂಡಿನದು ಅತ್ತೆಯದು. ನನ್ನ ತವರು ಸೊರಬ ತಾಲ್ಲೂಕಿನ ಹೊಸಬಾಳೆ. ಮದುವೆ ಗೊತ್ತಾದಾಗ ನಾನು ಸೊರಬದ ಕಾಲೇಜಿನಲ್ಲಿ ಬಿ.ಎ. ಮೊದಲ ವರ್ಷದಲ್ಲಿದ್ದೆ, ಸಂಜೆ ಕನ್ನಡ ಬೆರಳಚ್ಚು ತರಗತಿಗೂ ಹೋಗುತ್ತಿದ್ದೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಮುಗಿಸುವಷ್ಟರಲ್ಲಿ ಅತ್ತೆ ನಮ್ಮಪ್ಪನಿಗೆ ಹೇಳಿದ್ದು ಒಂದೇ ಮಾತು: "ಓದಿದ್ದು ಸಾಕು ಬಿಡ್ರಿ." ಅಪ್ಪ ತಲೆಯಾಡಿಸಿದರು. ಅಲ್ಲಿಗೆ ನನ್ನ ಕಾಲೇಜು ಮುಗಿಯಿತು.

ಆ ಮಾತನ್ನು ನಾನು ಹದಿನೇಳು ವರ್ಷ ಮರೆಯಲಿಲ್ಲ. ಮರೆಯುವ ಜಾತಿಯವಳೂ ನಾನಲ್ಲ. ಅತ್ತೆಯ ಜೊತೆ ಜಗಳವಾಡಿದ್ದೇನೆ ಅಂತೇನೂ ಇಲ್ಲ. ಆದರೆ ರೊಟ್ಟಿ ತಟ್ಟುವಾಗ, ಕೊಟ್ಟಿಗೆ ಗುಡಿಸುವಾಗ, ಮನಸ್ಸಿನೊಳಗೇ ಅವರಿಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಕೆಲವು ವರ್ಷಗಳ ಹಿಂದೆ ಗಂಡನಿಗೆ ಹೇಳಿ ಅಂಚೆ ಮೂಲಕ ಓದುವ ಬಿ.ಎ.ಗೆ ಸೇರಿಕೊಂಡೆ. ಅತ್ತೆ ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಅವರು ಕುರಿ ಹೊಡೆದುಕೊಂಡು ಹೋದ ಮೇಲೆ ನಾನು ಪುಸ್ತಕ ತೆಗೆಯುತ್ತಿದ್ದೆ, ಅವರು ಬರುವಷ್ಟರಲ್ಲಿ ಮುಚ್ಚಿಡುತ್ತಿದ್ದೆ. ಹಾಗಾಗಿ ನಾನು ಓದುವುದನ್ನು ಅವರು ಕಣ್ಣಾರೆ ನೋಡಿರಲೇ ಇಲ್ಲ.

ಹೀಗೆ ಎಳೆದುಕೊಂಡು ಬಂದ ಓದು ಎರಡು ಪ್ರಬಂಧಗಳ ಹತ್ತಿರ ಬಂದು ನಿಂತಿತು. ಅವನ್ನು ಟೈಪು ಮಾಡಿ ಆನ್‌ಲೈನಿನಲ್ಲಿ ಕಳಿಸಬೇಕಿತ್ತು. ಹಿಂದಿನ ವರ್ಷ ಮೊಬೈಲಿನಲ್ಲೇ ಕುಟ್ಟಿ ಕಳಿಸಿದ್ದೆ. ಅಲ್ಲಿ ತೆರೆದಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವಂತೆ, ತಿರಸ್ಕರಿಸಿದರು. ಈ ಸಲ ಅಧ್ಯಯನ ಕೇಂದ್ರದ ಹೆಣ್ಣುಮಗಳು ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದಳು: "ನಿಮ್ಮ ಅವಧಿ ಇದೇ ವರ್ಷಕ್ಕೆ ಮುಗಿಯತ್ತೆ ಮೇಡಂ. ಈ ಸಲ ಆಗ್ಲಿಲ್ಲ ಅಂದ್ರೆ ಮೊದಲನೇ ವರ್ಷದಿಂದ ಮತ್ತೆ ಸೇರ್ಕೋಬೇಕಾಗತ್ತೆ." ಕೊನೆಯ ದಿನಕ್ಕೆ ಇನ್ನು ನಾಲ್ಕು ವಾರ ಉಳಿದಿತ್ತು. ದಿನಾ ಬಸ್ಸು ಹತ್ತಿ ಶಿಕಾರಿಪುರದ ಸೈಬರ್ ಸೆಂಟರಿನಲ್ಲಿ ಕೂತು ಟೈಪು ಮಾಡಲು ನನ್ನನ್ನು ಬಿಡುವ ಮನೆ ನಮ್ಮದಲ್ಲ. ಕೊಯ್ಲಿನ ಕಾಲ ಬೇರೆ. ಮನೆಯಲ್ಲೇ ಒಂದು ಲ್ಯಾಪ್‌ಟಾಪ್ ಇರಲೇಬೇಕು ಎಂದು ಆಗ ಅನ್ನಿಸಿತು.

ಎರಡು ವಾರ ಬಿಡುವಾದಾಗಲೆಲ್ಲ ಮೊಬೈಲಿನಲ್ಲಿ ವಿಡಿಯೋ ನೋಡಿದೆ. ನೋಡುತ್ತ ನೋಡುತ್ತ ನನಗೆ ಬೆರಗೇ ಹಿಡಿಯಿತು. ರೊಟ್ಟಿ ತಟ್ಟುವ ಹಲಗೆಯಷ್ಟು ಅಗಲದ ಒಂದು ವಸ್ತುವಿನೊಳಗೆ ಏನೆಲ್ಲ ಕೂತಿದೆ, ಎಲ್ಲೋ ಕೂತು ಅದನ್ನು ಮಾಡಿದವರ ತಲೆ ಎಂಥದ್ದಿರಬೇಕು ಎಂದು ನೆನೆದರೆ ಕೈಯಲ್ಲಿದ್ದ ಕೆಲಸ ನಿಂತುಬಿಡುತ್ತಿತ್ತು. ರ್‍ಯಾಮ್ ಎಂದರೇನು, ಎಸ್‌ಎಸ್‌ಡಿ ಎಂದರೇನು, ಬರಿ ಟೈಪಿಂಗು ಮತ್ತು ಪಾಠದ ವಿಡಿಯೋ ನೋಡಲು ಎಷ್ಟಿದ್ದರೆ ಸಾಕು, ಎಲ್ಲ ಕಲಿತೆ. ನಮ್ಮ ಹಳ್ಳಿಯಲ್ಲಿ ಹಗಲು ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಎಲ್ಲಕ್ಕಿಂತ ಮುಖ್ಯ ಬ್ಯಾಟರಿ ಎಂಬುದೂ ಗೊತ್ತಾಯಿತು. ಗೊತ್ತಾಗಿದ್ದನ್ನು ಅಂಗಡಿಯಲ್ಲಿ ನಾನೇ ಮರೆತೆ, ಅದು ಆಮೇಲಿನ ಮಾತು.

ಇನ್ನು ದುಡ್ಡು. ಮಗಳು ಹುಟ್ಟಿದಾಗ ಅತ್ತೆ ಹಿಂಡಿನಿಂದ ಎರಡು ಹೆಣ್ಣು ಕುರಿ ಬಿಡಿಸಿ ನನ್ನ ಹೆಸರಿಗೆ ಬಿಟ್ಟಿದ್ದರು. ಅವುಗಳ ಸಂತಾನ ನನ್ನದು, ಮಾರಿದರೆ ಬಂದದ್ದು ನನ್ನದು, ಅದು ಈ ಮನೆಯ ಕಟ್ಟಳೆ. ಮೂರು ಮರಿ ಮಾರುತ್ತೇನೆ ಎಂದಾಗ ಗಂಡ ಹೂಂ ಎಂದ. ಅತ್ತೆ ಮಾತ್ರ ಹುಲ್ಲು ಹಾಕುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು.

"ಮಾರಿ ಏನು ತಗಂತಿ?"

"ಲ್ಯಾಪ್‌ಟಾಪ್ ಅತ್ತೆ. ಬರಿಯದು, ಓದದು ಎಲ್ಲಾ ಅದ್ರಲ್ಲೇ."

"ಕುರಿ ದುಡ್ಡು ಅಂದ್ರ ನಾನೂ ಬರ್ತೀನಿ. ನೋಡ್ದೆ ಮಾಡ್ದೆ ತರಾದಲ್ಲ."

ಅಷ್ಟೇ. ನನ್ನ ತೀರ್ಮಾನ ಅಲ್ಲಿಗೇ ಮಣ್ಣುಪಾಲಾಯಿತು. ಗಂಡನ ಮುಖ ನೋಡಿದೆ. ನಾವು ಅಂಗಡಿಗೆ ಹೋಗುವ ದಿನವೇ ಅವನಿಗೆ ಮೆಕ್ಕೆಜೋಳ ಹಾಕಿಕೊಂಡು ಎಪಿಎಂಸಿಗೆ ಹೋಗುವುದಿತ್ತಂತೆ. ಬೇಕೆಂದೇ ತಪ್ಪಿಸಿಕೊಂಡನೋ ಏನೋ, ದೇವರಿಗೇ ಗೊತ್ತು.

ಅತ್ತೆ 'ನೋಡುವುದು' ಎಂದರೆ ಏನೆಂದು ಇಲ್ಲಿ ಹೇಳಬೇಕು. ಸಂತೆಯಲ್ಲಿ ಹತ್ತು ನಿಮಿಷಕ್ಕೆ ಕುರಿ ಕೈ ಬದಲಾಗುತ್ತದೆ. ಅತ್ತೆ ಸಂತೆಯಲ್ಲಿ ಕೊಳ್ಳುವುದಿಲ್ಲ. ಮಾರುವವರ ಮನೆಗೇ ಹೋಗುತ್ತಾರೆ. ಹಲ್ಲು ನೋಡುತ್ತಾರೆ, ಕಣ್ಣಿನ ರೆಪ್ಪೆ ಕೆಳಗೆಳೆದು ಕೆಂಪಿದೆಯೇ ನೋಡುತ್ತಾರೆ, ಕಿವಿ ಮುಟ್ಟಿ ಜ್ವರ ಇದೆಯೇ ನೋಡುತ್ತಾರೆ. ಇದನ್ನೆಲ್ಲ ಯಾರಾದರೂ ಮಾಡುತ್ತಾರೆ. ಆಮೇಲೆ ಅತ್ತೆ ಒಂದು ಕಡೆ ಕೂತುಬಿಡುತ್ತಾರೆ. ಕುರಿ ಮೇಯಬೇಕು, ನೀರು ಕುಡಿಯಬೇಕು, ಮಲಗಬೇಕು, ಮಲಗಿ ಮೆಲುಕು ಹಾಕಬೇಕು. ಅದನ್ನು ಕಣ್ಣಾರೆ ಕಂಡ ಮೇಲೆಯೇ ವ್ಯಾಪಾರದ ಮಾತು. ರೋಗ ಒಳಗಿದ್ದರೆ ಕುರಿ ಮೇಯ್ದ ಹಾಗೆ ಮಾಡಿದರೂ ಮೆಲುಕು ಹಾಕುವುದಿಲ್ಲ ಎನ್ನುವುದು ಅವರ ನಂಬಿಕೆ. ಅದಕ್ಕೆ ಅರ್ಧ ದಿನವಾದರೂ ಹಿಡಿಯಲಿ, ಅವರಿಗೇನೂ ಅವಸರವಿಲ್ಲ.

ನನ್ನ ಮದುವೆಯಾದ ಹೊಸತರಲ್ಲಿ ಒಂದು ಟಗರು ನೋಡಲು ಅವರ ಜೊತೆ ಪಕ್ಕದ ಊರಿಗೆ ಹೋಗಿದ್ದೆ. ಮಧ್ಯಾಹ್ನದಿಂದ ಸಂಜೆವರೆಗೆ ಯಾರದೋ ಅಂಗಳದಲ್ಲಿ ಕೂತೆವು. ಟಗರು ಕಂಬದಂತೆ ನಿಂತೇ ಇತ್ತು. ಮನೆಯವರು ಎರಡು ಸಲ ಚಹಾ ಕೊಟ್ಟರು, ಮೂರನೇ ಸಲ ಮುಖ ಗಂಟಿಕ್ಕಿದರು. ಕೊನೆಗೆ ಅತ್ತೆ ಸೀರೆ ಕೊಡವಿಕೊಂಡು ಎದ್ದು, ಬೇಡ ಎಂದು ಬಂದುಬಿಟ್ಟರು. ದಾರಿಯುದ್ದಕ್ಕೂ ನಾನು ಬೈದುಕೊಂಡೆ, ಮನಸ್ಸಿನಲ್ಲಿ. ನಮ್ಮೂರಿನ ಇನ್ನೊಬ್ಬರು ಮರುದಿನ ಅದನ್ನು ಕೊಂಡು ತಂದರು. ವಾರ ತುಂಬುವುದರೊಳಗೆ ಅದು ಸತ್ತಿತು. ಆಗಲೂ ನನಗೆ ಬೆರಗಾಗಲಿಲ್ಲ, ಕಾಕತಾಳೀಯ ಅಂದುಕೊಂಡೆ. ಅಷ್ಟು ಹಟ ನನ್ನದು.

ಶಿಕಾರಿಪುರದ ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು ಆ ಲ್ಯಾಪ್‌ಟಾಪ್ ಅಂಗಡಿ. ಹೊಸದೂ ಹಳೆಯದೂ ಎರಡೂ ಮಾರುತ್ತಿದ್ದರು. ಅಂಗಡಿಯವನು ಮೂವತ್ತೈದರ ಆಚೀಚೆಯ ಗೃಹಸ್ಥ, ಮಾತು ಮೃದು. ಅತ್ತೆ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು ಒಳಗೆ ಬಂದರು. ಗೋಡೆಯುದ್ದಕ್ಕೂ ಲ್ಯಾಪ್‌ಟಾಪುಗಳು ಬಾಯಿ ತೆರೆದು ಕೂತಿದ್ದವು. ಒಂದರಲ್ಲಿ ಹಿಮದ ಬೆಟ್ಟ, ಒಂದರಲ್ಲಿ ಸಮುದ್ರ. ಅತ್ತೆ ಒಂದೊಂದರ ಮುಂದೆಯೂ ನಿಂತು ನೋಡಿದರು. ನಾನೂ ನಿಂತೆ. ನನ್ನ ವಿಡಿಯೋ ಜ್ಞಾನವೆಲ್ಲ ಆ ಬೆಳಕಿನ ಮುಂದೆ ಎಲ್ಲಿ ಹೋಯಿತೋ!

ನನ್ನ ಹತ್ತಿರವಿದ್ದ ಹಣ ಹೇಳಿದೆ. ಅಷ್ಟಕ್ಕೆ ಹೊಸದು ಒಂದೇ ಒಂದಿತ್ತು. ಅದನ್ನು ಅವನೇ ಬೇಡವೆಂದ.

"ಹೊಸದು ಅನ್ನದೊಂದೇ ಇದಕ್ಕೆ ರೀ ಮೇಡಂ. ಜಾಗ ಭಾಳ ಕಡಿಮಿ, ಆರು ತಿಂಗಳಿಗೆ ತುಂಬಿ ನಿಂತ್ಕಂತೈತಿ. ಅದರ ಬದ್ಲಿ ಆಫೀಸಿಂದ ಬಂದ ಹಳೇ ಮಾಲು ತಗಳ್ರಿ, ಗಟ್ಟಿ ಇರ್ತಾವ."

ಎರಡು ತೆಗೆದಿಟ್ಟ. ಒಂದು ಬೆಳ್ಳಿ ಬಣ್ಣದ್ದು, ತೆಳ್ಳಗೆ, ನೋಡಿದರೆ ಮುಟ್ಟಬೇಕು ಅನ್ನಿಸುವಂಥದ್ದು. ಇನ್ನೊಂದು ಕರಿಯದು, ದಪ್ಪ, ಮುಚ್ಚಳದ ಮೇಲೆ ಗೀರು, ಅಡಿಯ ನಾಲ್ಕು ರಬ್ಬರ್ ಗುಂಡಿಗಳಲ್ಲಿ ಒಂದು ಉದುರಿತ್ತು. ಒಳಗಿನ ಸರಕು ಎರಡರಲ್ಲೂ ಸುಮಾರು ಒಂದೇ. ಬೆಳ್ಳಿಯದು ಒಂದೇ ವರ್ಷ ಬಳಸಿದ್ದು, ಬ್ಯಾಟರಿ ನಾಲ್ಕೈದು ತಾಸು ಬರುತ್ತದೆ ಎಂದ. ನಾನು ಮರುಮಾತಿಲ್ಲದೆ ಬೆಳ್ಳಿಯದಕ್ಕೆ ಸೋತೆ. ಅದನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿರುವ ನನ್ನನ್ನು ನಾನೇ ಕಣ್ಣಮುಂದೆ ಕಂಡೆ. ಓದಿದ ಹೆಂಗಸು ಎಂದರೆ ಹಾಗಿರಬೇಕು ಅನ್ನಿಸಿತು.

"ಇದೇ ಕೊಡಿ" ಎಂದೆ.

"ತಡಿ" ಎಂದರು ಅತ್ತೆ.

ಶುರುವಾಯಿತು. ಮೊದಲು ಎರಡನ್ನೂ ಎರಡು ಕೈಯಲ್ಲಿ ಎತ್ತಿ ತೂಗಿ, ಬೆಳ್ಳಿಯದನ್ನು ಕೆಳಗಿಟ್ಟು, "ಇದು ಉಪಾಸ ಬಿದ್ದೈತಿ" ಎಂದರು. ಅಂಗಡಿಯವನು ನಕ್ಕು, ಇವುಗಳಲ್ಲಿ ಹಗುರವಾದಷ್ಟೂ ಬೆಲೆ ಹೆಚ್ಚಮ್ಮ ಎಂದ. ಅತ್ತೆ ಒಪ್ಪಿಕೊಂಡರು, "ಹಂಗಾರ ತೂಕ ಬಿಡು" ಎಂದರು. ಆಮೇಲೆ ಬೆಳ್ಳಿಯದರ ಕೀಲಿಗಳ ಮೇಲೆ ಬಗ್ಗಿ, ಬೆರಳು ಎಳೆದು, ಮುಖ ಓರೆ ಮಾಡಿ ಬೆಳಕಿಗೆ ಹಿಡಿದು ನೋಡಿದರು.

"ಎಷ್ಟು ವರ್ಷದ್ದು ಅಂದಿ ತಮ್ಮಾ?"

"ಒಂದೇ ವರ್ಷ ರೀ ಅಮ್ಮಾರ."

"ಒಂದು ವರ್ಷಕ್ಕ ಹಿಂಗ ಸವೀತಾವಾ? ಇಲ್ನೋಡು, ಈ ನಾಕು ನುಣ್ಣಗಾಗಿ ಹೊಳಿತಾವ. ಇದರ ಮ್ಯಾಲ ಬರ್ದದ್ದೇ ಅಳಿಸೈತಿ. ಆ ಕರೇದರಾಗ ನೋಡು, ಎಲ್ಲಾ ಒಂದೇ ಸಮ ಅದಾವ."

ಅಕ್ಷರ ಯಾವುದೆಂದು ಗೊತ್ತಿಲ್ಲದ ಹೆಂಗಸು ಅಕ್ಷರ ಅಳಿಸಿರುವುದನ್ನು ತೋರಿಸಿದ್ದರು. ನಾನು ನೋಡಿದ್ದ ಅಷ್ಟು ವಿಡಿಯೋಗಳಲ್ಲಿ ಒಬ್ಬರೂ ಇದನ್ನು ಹೇಳಿರಲಿಲ್ಲ. ಅಂಗಡಿಯವನೂ ಬಗ್ಗಿ ನೋಡಿದ. ನನಗೆ ಆ ಕ್ಷಣಕ್ಕೆ ಬಂದದ್ದು ಸಿಟ್ಟು. ಅತ್ತೆಯ ತೋಳು ಹಿಡಿದು ಪಕ್ಕಕ್ಕೆ ಕರೆದು ಪಿಸುಗುಟ್ಟಿದೆ.

"ಅತ್ತೆ, ಸುಮ್ನಿರಿ. ಅದು ಕುರಿ ಅಲ್ಲ. ಹಲ್ಲು ನೋಡಕ್ಕೆ ಬಂದಿದೀರಾ?"

"ಮಾರಾನು ಮಾರಾನೇ ಅಲ್ಲೇನವ್ವಾ. ಯಾಕ ಮಾರಿದ್ರು ಅಂತ ಕೇಳ್ದ್ಯಾ ನೀನು?"

ಕೇಳಿರಲಿಲ್ಲ. ಅತ್ತೆಯೇ ಕೇಳಿದರು. ಯಾವುದೋ ಆಫೀಸಿನವರು ಹೊಸದು ತಂದರಂತೆ, ಹಳೆಯದನ್ನು ಒಟ್ಟಿಗೆ ಕೊಟ್ಟರಂತೆ, ಮಧ್ಯದ ವ್ಯಾಪಾರಿಯಿಂದ ಇವನಿಗೆ ಬಂದಿದ್ದವಂತೆ. ಅತ್ತೆ ಅದನ್ನು ಕೇಳಿಸಿಕೊಂಡು, ಎರಡರ ವೈರನ್ನೂ ಕಿತ್ತು ಚಾಲು ಮಾಡಲು ಹೇಳಿದರು. ಮಾಡಿದ. ಅತ್ತೆ ನೆಲದ ಮೇಲೆ ಗೋಡೆಗೆ ಒರಗಿ ಚಕ್ಕಳಮಕ್ಕಳ ಹಾಕಿ ಕೂತರು.

"ಎಷ್ಟೊತ್ತು ನೋಡ್ತೀರಮ್ಮಾ?" ಎಂದ ಅವನು.

"ಅದು ಮೆಲುಕು ಹಾಕಾತನಕ."

ಅವನು ನನ್ನ ಮುಖ ನೋಡಿದ. ನೆಲ ಬಾಯಿಬಿಡಬಾರದೇ ಅನ್ನಿಸಿತು. ಇದ್ದದ್ದನ್ನು ವಿವರಿಸಿದೆ. ಅವನಿಗೂ ಹಳ್ಳಿಯ ನಂಟಿರಬೇಕು, ಜೋರಾಗಿ ನಕ್ಕು, "ಕುಂದ್ರಿ ಅಮ್ಮಾರ, ಅಂಗಡಿ ನಿಮ್ದೇ" ಎಂದು ಬೇರೆ ಗಿರಾಕಿಯ ಕಡೆ ಹೋದ. ಅತ್ತೆ ನನ್ನ ಕಡೆ ತಿರುಗಿದರು.

"ಸುಮ್ಮನ ಉರದ್ರ ಗೊತ್ತಾಗಂಗಿಲ್ಲ, ಮೇಯಬೇಕು. ನೀನು ಮನ್ಯಾಗ ಏನು ಮಾಡ್ತಿ, ಅದನ್ನ ಮಾಡು ಅದರಾಗ."

ಹೀಗೆ ನಾನು ಶಿಕಾರಿಪುರದ ಒಂದು ಅಂಗಡಿಯಲ್ಲಿ, ಮಟಮಟ ಮಧ್ಯಾಹ್ನ, ನನ್ನ ಪ್ರಬಂಧ ಬರೆಯಲು ಕೂತೆ. ಕರಿಯದರಲ್ಲಿ ಒಂದು ಪಾಠದ ವಿಡಿಯೋ ಹಚ್ಚಿಟ್ಟು, ಬೆಳ್ಳಿಯದರಲ್ಲಿ ಟೈಪು ಮಾಡಲು ಶುರುಮಾಡಿದೆ. ಅಂಗಡಿಯವನು ಎರಡರಲ್ಲೂ ಹಳೆಯ ಬೆರಳಚ್ಚು ಯಂತ್ರದ ಕ್ರಮದಲ್ಲೇ ಕನ್ನಡ ಬರುವಂತೆ ಮಾಡಿಕೊಟ್ಟಿದ್ದ. ಮೊದಲು ಬೆರಳು ತಡವರಿಸಿತು. ನಾಲ್ಕು ಸಾಲು ಆಗುವಷ್ಟರಲ್ಲಿ ಏನಾಯಿತೋ, ಸೊರಬದ ಆ ತರಗತಿಯಲ್ಲಿ ಕಲಿತದ್ದು ತಾನಾಗಿ ಕೈಗೆ ಬಂತು. ಹದಿನೇಳು ವರ್ಷ ಸಗಣಿ ಬಾಚಿದ, ಕಳೆ ಕಿತ್ತ ಬೆರಳುಗಳು ನೋಡದೆಯೇ ಒತ್ತಬೇಕಾದ್ದನ್ನು ಒತ್ತುತ್ತಿದ್ದವು. ನನ್ನ ಕೈ ನೋಡಿ ನನಗೇ ಅಚ್ಚರಿಯಾಯಿತು, ಕಣ್ಣು ಒದ್ದೆಯಾಯಿತು.

ಒಂದು ಪುಟ ತುಂಬಿ, ಎರಡನೆಯದರ ಅರ್ಧಕ್ಕೆ ಬಂದಿದ್ದೆ. ಬೆಳ್ಳಿಯದರ ಒಳಗಿನ ಫ್ಯಾನು ಮೊದಲೇ ಬುಸುಗುಡುತ್ತಿತ್ತು. ಅತ್ತೆ ಎದ್ದು ಬಂದು ಅದರ ಅಡಿಗೆ ಅಂಗೈ ಇಟ್ಟು, "ಜ್ವರ ಐತಿ" ಎಂದರು. ನಾನು ಟೈಪು ಮಾಡುತ್ತಲೇ ಇದ್ದೆ. ಮೂಲೆಯಲ್ಲಿ ಬ್ಯಾಟರಿ ಇನ್ನೂ ಮೂರರಲ್ಲಿ ಒಂದು ಪಾಲು ಉಳಿದಿದೆ ಎಂದು ತೋರಿಸುತ್ತಿತ್ತು. ಮುಂದಿನ ವಾಕ್ಯದ ನಡುವೆ, ಒಂದು ಎಚ್ಚರಿಕೆಯನ್ನೂ ಕೊಡದೆ, ಪರದೆ ಕಪ್ಪಾಯಿತು. ಒತ್ತಿದೆ, ಏಳಲಿಲ್ಲ. ಕೂತು ಒಂದು ತಾಸೂ ಆಗಿರಲಿಲ್ಲ.

ಅಂಗಡಿಯವನು ಓಡಿ ಬಂದು ವೈರು ಹಾಕಿದ. ಯಂತ್ರ ಎದ್ದಿತು, ನಾನು ಬರೆದದ್ದು ಏಳಲಿಲ್ಲ. ನಡುನಡುವೆ ಸೇವ್ ಮಾಡಿ ಉಳಿಸುವುದು ನನಗೆ ಹೊಳೆದೇ ಇರಲಿಲ್ಲ. ಒಂದೂವರೆ ಪುಟ ಎಲ್ಲಿಗೆ ಹೋಯಿತೋ ಹೋಯಿತು. ನಾನು ಖಾಲಿ ಪರದೆ ನೋಡುತ್ತ ಕೂತೆ. ಹೀಗೇ ಮನೆಯಲ್ಲಿ, ಕೊನೆಯ ದಿನ, ಕರೆಂಟಿಲ್ಲದ ಹೊತ್ತಿನಲ್ಲಿ ಆಗಿದ್ದರೆ? ಅಂಗಡಿಯವನ ಮುಖವೂ ಸಣ್ಣದಾಗಿತ್ತು.

"ನನಗೂ ಒಂದೇ ವರ್ಷದ್ದು ಅಂತ್ಲೇ ಹೇಳಿ ಕೊಟ್ಟಿದ್ರು ರೀ" ಎಂದು ಅದನ್ನು ಎತ್ತಿಕೊಂಡ. "ಇಷ್ಟು ವರ್ಷದಾಗ ಬಿಲ್ಲು ಕೇಳಿದಾರ, ಬ್ಯಾಗು ಕೇಳಿದಾರ. ಹಿಂಗ ಕುಂತು ಯಾರೂ ನೋಡಿಲ್ಲ."

ಅತ್ತೆಯ ಮುಖದಲ್ಲಿ ಗೆದ್ದೆ ಎಂಬ ಭಾವವಿರಲಿಲ್ಲ. ಚೀಲದಿಂದ ರೊಟ್ಟಿಯ ಗಂಟು ಬಿಚ್ಚಿ ನನಗೆ ಒಂದು ಕೊಟ್ಟು, ತಾವೊಂದು ತಿಂದು, ಕರಿಯದರ ಕಡೆ ಗಲ್ಲ ತೋರಿಸಿ ಮತ್ತೆ ಬರೆ ಎಂದರು. ನಾನು ಅವರನ್ನೇ ನೋಡಿದೆ. ಚಾರ್ಜರು ಎಂಬ ಶಬ್ದವನ್ನು ಸರಿಯಾಗಿ ಹೇಳಲು ಬಾರದ ಈ ಹೆಂಗಸಿಗೆ, ಒಂದು ವಸ್ತುವನ್ನು ಏನು ಕೇಳಬೇಕು, ಎಷ್ಟು ಹೊತ್ತು ಕಾಯಬೇಕು, ಯಾವ ಸುಳ್ಳು ಎಲ್ಲಿ ಕೂತಿರುತ್ತದೆ ಎಲ್ಲವೂ ಗೊತ್ತಿತ್ತು. ನನಗೆ ನಿಜವಾಗಿಯೂ ಬೆರಗಾಯಿತು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ನಾನು ಅವರ ತಲೆಯನ್ನು ಒಂದು ದಿನವೂ ತಲೆ ಎಂದು ಎಣಿಸಿರಲಿಲ್ಲ. ಅದನ್ನು ಒಪ್ಪಿಕೊಳ್ಳಲು ಕಷ್ಟವಾಯಿತು, ಆದರೂ ಒಪ್ಪಿಕೊಂಡೆ.

ಕರಿಯದರಲ್ಲಿ ಮೊದಲಿನಿಂದ ಬರೆದೆ, ಸಾಲಿಗೊಮ್ಮೆ ಉಳಿಸುತ್ತ. ಅತ್ತೆ ಈ ಸಲ ಗೋಡೆಗೆ ಒರಗಲಿಲ್ಲ, ಸ್ಟೂಲು ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತರು. ಮೊದಲು ಯಂತ್ರವನ್ನು ನೋಡುತ್ತಿದ್ದವರು ಬರಬರುತ್ತ ನನ್ನ ಬೆರಳನ್ನು ನೋಡತೊಡಗಿದರು, ಆಮೇಲೆ ನನ್ನ ಮುಖವನ್ನು.

"ನೋಡ್ಕಂಡು ಬರಿಯಾಕ ಪುಸ್ತಕ ಬ್ಯಾಡೇನು?"

"ಬೇಡ ಅತ್ತೆ. ಓದಿದ್ದು ತಲೇಲಿದೆ."

"ಅಷ್ಟೂ?"

"ಅಷ್ಟೂ."

ಯಾವುದರ ಮೇಲೆ ಬರೆಯುತ್ತಿದ್ದೀಯ ಎಂದು ಕೇಳಿದರು. ತಾಳಗುಂದದ ಕಲ್ಲುಕಂಬದ ಮೇಲಿನ ಶಾಸನದ ಬಗ್ಗೆ ಎಂದೆ. ಅವರು ಬೆಚ್ಚಿ ನೋಡಿದರು. ಹೊಸ ಸೊಸೆಯಾಗಿ ಬಂದಾಗಿನಿಂದ ಆ ಸುತ್ತಿನಲ್ಲೇ ಅವರು ಕುರಿ ಮೇಯಿಸಿದವರು.

"ಆ ಕಂಬದ್ದಾ? ಅದರಾಗ ಏನೈತಿ? ಎಲ್ಲರೂ ಬಂದು ಫೋಟೋ ಹೊಡಕಂಡು ಹೋಗ್ತಾರ, ಏನೈತಿ ಅಂತ ನಂಗ್ಯಾರೂ ಹೇಳಿಲ್ಲ."

ಟೈಪು ಮಾಡುವುದನ್ನು ನಿಲ್ಲಿಸದೆಯೇ ಹೇಳಿದೆ. ಬಹಳ ಹಿಂದೆ ಈ ಕಡೆಯ ಒಬ್ಬ ಹುಡುಗ ಓದಬೇಕೆಂದು ದೂರದ ಕಂಚಿಗೆ ಹೋದ. ಅಲ್ಲಿ ಒಬ್ಬ ಕುದುರೆ ಸವಾರನ ಜೊತೆ ಜಗಳವಾಗಿ ಅವಮಾನವಾಯಿತು. ಸಿಟ್ಟಿನಿಂದ ಓದು ಬಿಟ್ಟು ಕತ್ತಿ ಹಿಡಿದ, ಕೊನೆಗೆ ಒಂದು ರಾಜ್ಯವನ್ನೇ ಕಟ್ಟಿದ. ಅತ್ತೆ ರಾಜ್ಯದ ವಿಚಾರ ಕೇಳಲಿಲ್ಲ.

"ಅಷ್ಟು ದೂರ ಹೋದಾನು ಓದು ಬಿಟ್ಟನಾ? ಪಾಪ. ಯಾರು ಬಿಡಿಸಿದ್ರು?"

ಇಂಥ ಹೊತ್ತಿನಲ್ಲಿ ನನ್ನ ನಾಲಗೆ ಸುಮ್ಮನಿರಬೇಕಿತ್ತು. ಇರಲಿಲ್ಲ.

"ಕುದುರೆ ಮೇಲಿದ್ದೋರು ಬಿಡ್ಸಿದ್ರು. ಅವನಿಗೆ ಅತ್ತೆ ಇರ್ಲಿಲ್ಲ."

ಅಂದುಬಿಟ್ಟೆ. ಹದಿನೇಳು ವರ್ಷ ಒಳಗೇ ಇಟ್ಟುಕೊಂಡದ್ದು, ಅವರು ನನ್ನ ಅಷ್ಟೂ ವರ್ಷಗಳ ಓದನ್ನು ಉಳಿಸಿಕೊಟ್ಟ ದಿನವೇ ಬಾಯಿಗೆ ಬರಬೇಕೇ? ಅತ್ತೆ ಸಿಟ್ಟು ಮಾಡಲಿಲ್ಲ, ಅಳಲಿಲ್ಲ, ಕೈಯಲ್ಲಿದ್ದ ರೊಟ್ಟಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿದರು. ಕ್ಷಮೆ ಕೇಳಲು ನನಗೆ ಬಾಯಿ ಬರಲಿಲ್ಲ, ಏಕೆಂದರೆ ಮಾತು ಸುಳ್ಳಾಗಿರಲಿಲ್ಲ.

ಕರಿಯದು ಸುಮಾರು ಮೂರು ತಾಸು ಓಡಿತು. ಅಷ್ಟಾದ ಮೇಲೂ ಬ್ಯಾಟರಿ ಕಾಲು ಪಾಲಿಗಿಂತ ಹೆಚ್ಚೇ ಉಳಿದಿತ್ತು, ಅಡಿ ಮುಟ್ಟಿದರೆ ಬೆಚ್ಚಗಷ್ಟೇ. ಅತ್ತೆ ಅಂಗೈ ಇಟ್ಟು ನೋಡಿ ಎದ್ದರು. ಗಾಜಿನ ಮೇಜಿನ ಮೇಲೆ ಅದನ್ನು ಒತ್ತಿ, ಕುಂಟುತ್ತದೆ, ಕಾಲು ಸರಿಮಾಡು ಎಂದರು. ಅಂಗಡಿಯವನು ಹೊಸ ರಬ್ಬರ್ ಗುಂಡಿ ಅಂಟಿಸಿದ. ಒಂದು ಚೀಲವನ್ನೂ ಒಂದು ಮೌಸನ್ನೂ ಕೇಳದೆಯೇ ಕೊಟ್ಟ. ಮೆಟ್ಟಿಲಿಳಿಯುವಾಗ ಅತ್ತೆಗೆ ಕೈ ಮುಗಿದು, "ಇನ್ಮ್ಯಾಲ ನಾನೂ ಕುಂತು ನೋಡಿ ತರ್ತೀನಿ ಅಮ್ಮಾರ" ಎಂದ. ಅವನು ತಮಾಷೆಗೆ ಹೇಳಿದಂತೆ ಕಾಣಲಿಲ್ಲ.

ಬಸ್ಸಿನಲ್ಲಿ ಲ್ಯಾಪ್‌ಟಾಪನ್ನು ಅತ್ತೆಯೇ ಮಡಿಲಲ್ಲಿಟ್ಟುಕೊಂಡು ಕೂತರು. ನಮ್ಮೂರು ಬರುವವರೆಗೆ ಇಬ್ಬರೂ ತುಟಿ ಬಿಚ್ಚಲಿಲ್ಲ. ಅದಾದ ಮೇಲೆಯೂ ಅಷ್ಟೇ, ಊಟಕ್ಕೆ ಕರೆಯುವ, ನೀರು ಕೇಳುವ ಮಾತುಗಳಷ್ಟೇ ನಡೆದವು. ನಾನು ಬೆಳಿಗ್ಗೆ ಅವರು ಕುರಿ ಹೊಡೆದುಕೊಂಡು ಹೋದ ಮೇಲೆ ಬರೆಯುತ್ತಿದ್ದೆ. ಕರೆಂಟು ಹೋಗುತ್ತಿತ್ತು, ಬರುತ್ತಿತ್ತು. ಯಂತ್ರ ಒಂದು ದಿನವೂ ಕೈಕೊಡಲಿಲ್ಲ. ಕೊನೆಯ ದಿನಕ್ಕೆ ಮೂರು ದಿನ ಮೊದಲೇ ಎರಡೂ ಪ್ರಬಂಧಗಳು ಮುಗಿದವು.

ಕಳಿಸುವ ದಿನ ಬೆಳಿಗ್ಗೆ ಅತ್ತೆ ಹಿಂಡನ್ನು ನನ್ನ ಗಂಡನಿಗೆ ಒಪ್ಪಿಸಿದರು. ಹುಷಾರಿಲ್ಲವೇ ಎಂದು ಅವನು ಕೇಳಿದ್ದಕ್ಕೆ, ಹುಷಾರಾಗಿದ್ದೀನಿ, ನೀ ಹೋಗು ಎಂದರು. ನಾನು ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. ಅವರು ಎದುರಿನ ಕಂಬಕ್ಕೆ ಒರಗಿ ಕೂತರು. ನಾನು ಎರಡು ಪ್ರಬಂಧಗಳನ್ನೂ ಕೊನೆಯ ಸಲ ಮೊದಲಿನಿಂದ ಓದಿ, ತಪ್ಪು ತಿದ್ದಿ, ಮೊಬೈಲಿನಿಂದ ಇಂಟರ್ನೆಟ್ ಕೊಟ್ಟೆ. ಅಷ್ಟಕ್ಕೆ ಎರಡು ತಾಸು ಹಿಡಿಯಿತು. ಅವರು ಕಾಳು ಆರಿಸಲಿಲ್ಲ, ಎಲೆ ಅಡಿಕೆ ಹಾಕಲಿಲ್ಲ, ಯಾರನ್ನೂ ಕೂಗಿ ಮಾತಾಡಿಸಲಿಲ್ಲ. ನಾನು ಎಡವಿದರೆ, ತಿದ್ದಿದರೆ, ತುಟಿ ಕಚ್ಚಿ ಯೋಚಿಸಿದರೆ, ಎಲ್ಲವನ್ನೂ ನೋಡುತ್ತಿದ್ದರು.

ಮೊದಲನೆಯದು ಹೋಯಿತು. ಎರಡನೆಯದು ಅರ್ಧಕ್ಕೆ ನಿಂತು, ಸತಾಯಿಸಿ, ಆಮೇಲೆ ಹೋಯಿತು. ಪರದೆಯ ಮೇಲೆ ಹಸಿರು ಗುರುತಿನ ಜೊತೆ ಸಂದೇಶ ಬಂತು, ಸ್ವೀಕರಿಸಿದ್ದೇವೆ ಎಂದು. ಒತ್ತಿ ತೆರೆದು ನೋಡಿದೆ, ಒಂದು ಒತ್ತಕ್ಷರವೂ ಅಲುಗಾಡಿರಲಿಲ್ಲ.

"ಮುಗೀತಾ?" ಎಂದರು ಅತ್ತೆ.

"ಮುಗೀತು ಅತ್ತೆ. ಹೋಯ್ತು."

ಅವರು ತಕ್ಷಣ ಏಳಲಿಲ್ಲ. ಅಂಗಳದ ಕಡೆ ನೋಡುತ್ತ, ಯಾರಿಗೋ ಹೇಳುವಂತೆ ಹೇಳಿದರು.

"ಒಂದು ಕುರಿ ತರಾಕ ಹೋದ್ರ ಅರ್ಧ ದಿನ ಕುಂತು ನೋಡ್ತೀನಿ. ನಿನ್ನ ನೋಡಾಕ ಬಂದಾಗ ಉಪ್ಪಿಟ್ಟು ತಿನ್ನಷ್ಟು ಹೊತ್ತೂ ನೋಡ್ಲಿಲ್ಲ ನಾನು. ನೋಡ್ದೇನೇ ಅಂದುಬಿಟ್ಟೆ."

ರೊಟ್ಟಿ ತಟ್ಟುವಾಗ, ಕೊಟ್ಟಿಗೆ ಗುಡಿಸುವಾಗ ಇಷ್ಟು ವರ್ಷ ಜೋಡಿಸಿಟ್ಟುಕೊಂಡಿದ್ದ ಉತ್ತರಗಳಲ್ಲಿ ಒಂದೂ ನನಗೆ ನೆನಪಾಗಲಿಲ್ಲ. ಆ ದಿನ ಅಂಗಡಿಯಲ್ಲಿ ಹಾಗನ್ನಬಾರದಿತ್ತು ಎಂದೇನೋ ತೊದಲಿದೆ. ಅವರು ಕೈ ಬೀಸಿ ಅದನ್ನು ತಳ್ಳಿಹಾಕಿದರು, ಕಂಬ ಹಿಡಿದು ಎದ್ದು ನಿಂತರು.

"ಇದಾದ ಮ್ಯಾಲ ಯಾವ ಓದೈತಿ?"

"ಎಂ.ಎ. ಇದೆ ಅತ್ತೆ. ಎರಡು ವರ್ಷ."

"ಅದಕ್ಕೂ ಸೇರ್ಕ" ಎಂದು ಹೇಳಿ, ಕೋಲು ತೆಗೆದುಕೊಂಡು ಹಿಂಡು ಹೋದ ದಾರಿ ಹಿಡಿದರು.